ಹುತ್ತಕ್ಕೆ ಸೂರು

ನಮ್ಮ ಹಾಸನದ ಅಂಚಿನಲ್ಲಿ, ದುದ್ದದ ಕಡೆ ಹೋಗುವ ದಾರಿಯಲ್ಲಿ, ಒಂದು ಕೆರೆ ಇದೆ. ಏರಿಯ ಹಿಂದೆ ಕುರುಚಲು ಕಾಡು: ಲಂಟಾನ, ಕಾರೆ ಮುಳ್ಳು, ನಾಲ್ಕಾರು ಜಾಲಿ, ನಡುವೆ ನನ್ನೆದೆಯೆತ್ತರದ ಒಂದು ಹುತ್ತ. ಆ ಕಾಡಿಗೆ ನಗರ ವನ್ಯಧಾಮ ಅಂತ ಬೋರ್ಡು ಬಂತು. ಬೋರ್ಡಿಲ್ಲದಷ್ಟು ದಿನ ಆ ಜಾಗ ಚೆನ್ನಾಗಿಯೇ ಇತ್ತು.

ಬೋರ್ಡಿನ ಹಿಂದೆಯೇ ಬೆಳಿಗ್ಗೆ ವಾಕಿಂಗ್ ಬರುವವರ ಸಮಿತಿ ಬಂತು. ಬಟ್ಟೆ ಅಂಗಡಿಯ ಯಜಮಾನರೊಬ್ಬರು ಅಧ್ಯಕ್ಷರು. ಒಳ್ಳೆಯ ಮನುಷ್ಯ, ಆದರೆ ಮಣ್ಣು ಕಂಡರೆ ಟೈಲ್ಸ್ ಹಾಕಿಸಬೇಕು ಅನ್ನಿಸುವವರು. ಮುಳ್ಳೆಲ್ಲ ಸವರಿ, ಹುತ್ತ ಸಮ ಮಾಡಿ, ಟೈಲ್ಸ್ ದಾರಿ, ದೀಪದ ಕಂಬ ಎಂದು ನಿಶ್ಚಯವಾಯಿತು. ಆ ಮುಳ್ಳಿನ ಬುಡದಲ್ಲೇ ಗೌಜಿಗ ಹಕ್ಕಿಗಳು ನೆಲದ ಮೇಲೆ ಮೊಟ್ಟೆಯಿಡುತ್ತವೆ; ಮುಳ್ಳು ಹೋದರೆ ಅವೂ ಹೋದವು. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿ ನಿವೃತ್ತಳಾದವಳು. ಸಭೆಯಲ್ಲಿ ಎದ್ದು ಇದನ್ನೆಲ್ಲ ಬಿಡಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು, ಕಾಫಿ ಕುಡಿದರು, ಜೆಸಿಬಿಗೆ ಹೇಳಿದರು. ನನಗೆ ಮೈಯೆಲ್ಲ ಉರಿಯಿತು.

ಜೆಸಿಬಿ ಬರುವ ದಿನ ಬೆಳಗಾಗುತ್ತಲೇ ಹೋಗಿ ಹುತ್ತಕ್ಕೆ ಅರಿಶಿನ ಬಳಿದೆ, ಕುಂಕುಮ ಇಟ್ಟೆ, ಸೇವಂತಿಗೆ ಏರಿಸಿದೆ. ಹಾವು ಹಾಲು ಕುಡಿಯುವುದಿಲ್ಲ ಎಂದು ಕರಿಹಲಗೆಯ ಮೇಲೆ ಬರೆದು ಪಾಠ ಮಾಡಿದ ಕೈಯಿಂದಲೇ. ನಾಚಿಕೆ? ಒಂದಿಷ್ಟೂ ಆಗಲಿಲ್ಲ. ವಿಜ್ಞಾನ ಕೇಳದವರು ಕುಂಕುಮಕ್ಕೆ ಬಗ್ಗುತ್ತಾರೆ ಎಂದರೆ, ಸರಿ, ಕುಂಕುಮವೇ ಆಗಲಿ.

ಹಳೇಕೋಟೆ ಕಡೆಯ ಡ್ರೈವರು ಗಾಡಿಯಿಂದ ಇಳಿದು ನೋಡಿದ, ಚಪ್ಪಲಿ ಬಿಟ್ಟ, ಕೈ ಮುಗಿದ.

“ನಾನ್ ಮುಟ್ಟಾಕಿಲ್ಲ ಸಾ. ಮಕ್ಳೊಂದಿಗ ನಾನು,” ಎಂದ ಅಧ್ಯಕ್ಷರಿಗೆ.

ಗಾಡಿ ಬಂದ ದಾರಿ ಹಿಡಿಯಿತು. ಟೈಲ್ಸನ್ನು ಏರಿಯ ಮೇಲೆ ಹಾಸಿದರು. ಆ ಸಲ ಗೌಜಿಗದ ಮರಿಗಳು ತಾಯಿಯ ಹಿಂದೆ ಓಡಾಡುವುದನ್ನು ನೋಡಿ ಒಬ್ಬಳೇ ನಿಂತು ನಕ್ಕೆ.

ಆ ನಗು ಷಷ್ಠಿ ಹಬ್ಬದವರೆಗೆ ಮಾತ್ರ. ಅವತ್ತು ಬಡಾವಣೆಯ ಹೆಂಗಸರೆಲ್ಲ ಹುತ್ತಕ್ಕೆ ತನಿ ಎರೆಯಲು ಹಾಲು ಹಿಡಿದು ಬಂದರು. ಒಳಗೆ ಸುರಿದರೆ ಹುತ್ತ ಕುಸಿಯುತ್ತದೆ, ಒಂದು ತೊಟ್ಟು ತೋರಿಸಿ ಉಳಿದದ್ದನ್ನು ಮಕ್ಕಳಿಗೆ ಕುಡಿಸಿ ಎಂದು ಗದರಿಸಿದೆ. ಪಕ್ಕದ ಮನೆಯ ನುಗ್ಗೇಹಳ್ಳಿಯಾಕೆ ನನ್ನ ಪರ ನಿಂತಳು. ಉಳಿದವರು ಗೊಣಗುತ್ತಲೇ ಕೇಳಿದರು. ಕೇಳದವರು ಅಧ್ಯಕ್ಷರು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಂತೆ, ನಾನು ಮಾಡಿದ ದೇವರಿಗೆ ಸಮಿತಿ ಸೇರಿಕೊಂಡಿತು. ನಾಗಪ್ಪ ಬಿಸಿಲಲ್ಲಿ ನಿಂತಿದ್ದಾನಂತೆ. ಸುತ್ತ ಮುಳ್ಳು ಸವರಿ ಗುಡಿ ಕಟ್ಟಬೇಕಂತೆ, ಮೇಲೆ ಶೀಟು, ಕೆಳಗೆ ಅದೇ ಟೈಲ್ಸ್. ಹೇಳಿದಷ್ಟೇ ಬೇಗ ಒಂದು ಲೋಡು ಮರಳೂ ಬಂದು ಬಿತ್ತು.

ಸೆರಗು ಸಿಕ್ಕಿಸಿ ಆ ಮರಳಿನ ಮೇಲೆ ಕೂತೆ. ಅಧ್ಯಕ್ಷರು ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಅರಿಶಿನ ಬಳಿದವಳು ನಾನು, ಜೆಸಿಬಿ ತಡೆಯಲೆಂದೇ ಬಳಿದೆ, ಅದಕ್ಕೆ ಮೊದಲು ಇಲ್ಲಿ ದೇವರ ಸುದ್ದಿಯೇ ಇರಲಿಲ್ಲ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ.

“ನೀವು ನಂಬ್ದೇ ಕರುದ್ರೂ ಅವ್ನು ಬಂದ್ಬುಟ್ಟ ಕಣಮ್ಮ,” ಎಂದರು. ನಿಜವಾದ ಭಕ್ತಿಯಿಂದಲೇ ಎಂದರು.

ನನ್ನ ಬಾಯಿಗೂ ನನ್ನೂರಿನ ಮಾತೇ ಬಂತು.

“ಬಂದಿದ್ರೆ ಮುಳ್ಳು ನೋಡ್ಕೊಂಡೇ ಬಂದವ್ನೆ. ಟೈಲ್ಸ್ ಬೇಕಿದ್ರೆ ನಿಮ್ ದಾರಿ ಮೇಲೇ ಕೂರ್ತಿದ್ದ.”

ನುಗ್ಗೇಹಳ್ಳಿಯಾಕೆ ಬಂದು ನನ್ನ ಪಕ್ಕ ಕೂತಳು. ಅಧ್ಯಕ್ಷರು ಹುತ್ತ ನೋಡಿದರು, ಮುಳ್ಳು ನೋಡಿದರು, ಕೈ ಮುಗಿದು ಏರಿ ಹತ್ತಿದರು.

ಗುಡಿಯ ಮಾತು ಸತ್ತಿಲ್ಲ, ನನಗೆ ಗೊತ್ತು. ಮರಳನ್ನೂ ಯಾರೂ ಒಯ್ದಿಲ್ಲ. ಬೆಳಿಗ್ಗೆ ಹೊತ್ತು ಗೌಜಿಗಗಳು ಅದರಲ್ಲಿ ಗುಳಿ ತೋಡಿ ಮೈ ಹೊರಳಿಸುತ್ತವೆ. ಅರಿಶಿನದ ಡಬ್ಬಿ ನನ್ನ ಕೈಚೀಲದಲ್ಲೇ ಇದೆ. ಇಟ್ಟಿಗೆ ಬರಲಿ, ಅಲ್ಲಿನ ಒಂದೊಂದು ಕಾರೆ ಗಿಡಕ್ಕೂ ಬೊಟ್ಟು ಇಡುತ್ತೇನೆ.