ನಾನೇ ತಂದುಕೊಟ್ಟ ಕ್ರೀಮು

ಪಾರ್ಲರ್ ಅಕ್ಕನ ಎಡ ಮುಂಗೈಯ ಒಳಭಾಗದಲ್ಲಿ ಯಾವಾಗ ನೋಡಿದರೂ ಒಂದೆರಡು ಕಲೆಗಳಿರುತ್ತಿದ್ದವು. ಒಂದು ಕಡೆ ಕೆಂಪು ದದ್ದು, ಇನ್ನೊಂದು ಕಡೆ ಸಿಪ್ಪೆ ಎದ್ದ ಚರ್ಮ, ಮಣಿಕಟ್ಟಿನ ಹತ್ತಿರ ಹೇರ್ ಡೈಯ ಕಪ್ಪು. ಹೊಸ ಕ್ರೀಮು, ಬ್ಲೀಚು ಏನೇ ಬರಲಿ, ಮೊದಲು ಆ ಕೈಗೆ ಹಚ್ಚಿಕೊಳ್ಳುತ್ತಿದ್ದರು. "ನಾಲ್ಕ್ ದಿನ ನನ್ ಕೈ ಸುಮ್ನಿರ್ಲಿ ಟೀಚರೇ, ಆಮೇಲೆ ನಿಮ್ಮ ಮುಖ" ಎನ್ನುವುದು ಅವರ ಕಾನೂನು.

ಕುಶಾಲನಗರದಲ್ಲಿ ಒಂದೇ ಕುರ್ಚಿಯ ಪಾರ್ಲರ್ ಅದು. ಹಾಸನದ ಕಡೆಯಿಂದ ಬಂದು ನೆಲೆಸಿದ ಬೇಸಾಯದ ಮನೆಯವರು ಅಕ್ಕ. ಆ ಕುರ್ಚಿಯಲ್ಲಿ ಕೂತವರಿಂದಲೇ ಮಲಯಾಳ, ತಮಿಳು ಎರಡನ್ನೂ ಕಲಿತಿದ್ದರು. ಹುಬ್ಬು ತೀಡುವಾಗ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಊರಿನ ಸುದ್ದಿಯನ್ನೆಲ್ಲ ಹೇಳಿ ಮುಗಿಸುವರು. ಬೆಳ್ಳಗಾಗಬೇಕೆಂದು ಬಂದ ಹುಡುಗಿಯರಿಗೆ ಬೈಗುಳ ಗ್ಯಾರಂಟಿ. "ಕಾಳ್‌ಮೆಣ್ಸು ಕಪ್ಗೈತೆ ಅಂತ ಯಾರಾದ್ರೂ ಬಿಸಾಕ್ತಾರೇನೇ?" ಬೈದ ಮೇಲೆ ಹುಡುಗಿ ಮುಖ ಸಣ್ಣದು ಮಾಡಿದರೆ ತಾವೇ ಕರಗಿ ಟೀ ತರಿಸುವರು.

ಅಂಥವರ ಕೈಗೆ ಆ ಬಿಳಿ ಡಬ್ಬಿ ಕೊಟ್ಟವಳು ನಾನು. ತಂಗಿಯ ಮದುವೆ ಗೊತ್ತಾಗಿ, ಗಂಡಿನ ಕಡೆಯವರು ಬಣ್ಣ ಸ್ವಲ್ಪ ಕಮ್ಮಿ ಎಂದಿದ್ದು ನನ್ನನ್ನು ಕೊರೆಯುತ್ತಿತ್ತು. ಸಂತೆಯಲ್ಲಿ ಒಬ್ಬ ಫಾರಿನ್ ಮಾಲು ಎಂದು ಮಾರುತ್ತಿದ್ದ. ದಿನವೂ ಮಕ್ಕಳಿಗೆ "ಓದಿ, ಓದಿ" ಎಂದು ಗಂಟಲು ಹರಿದುಕೊಳ್ಳುವ ನಾನು, ಓದಲು ಒಂದಕ್ಷರವೂ ಇಲ್ಲದ ಡಬ್ಬಿಯನ್ನು ಕಣ್ಣುಮುಚ್ಚಿ ಕೊಂಡುತಂದೆ.

ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಒಳಗೇನೈತೆ ಅಂತಾನೇ ಬರ್ದಿಲ್ವಲ್ಲ ಟೀಚರೇ."

"ಎಲ್ರೂ ಹಚ್ತಾರೆ ಅಕ್ಕ, ಏನಾಗಲ್ಲ."

"ಮದ್ವೆ ಹೆಣ್ಣು. ನಾಲ್ಕ್ ದಿನ ಸಾಲಲ್ಲ. ಇನ್ನೂ ಆರು ತಿಂಗ್ಳು ಟೈಮೈತಲ್ಲ, ಎರಡು ತಿಂಗ್ಳು ನಾನೇ ಮುಖಕ್ಕೆ ಹಚ್ಕೊಂಡು ನೋಡ್ತೀನಿ."

ತುರಿಕೆಯಿಲ್ಲ, ಉರಿಯಿಲ್ಲ. ಅಕ್ಕನ ಮುಖ ನೋಡನೋಡುತ್ತಲೇ ಬೆಳ್ಳಗಾಯಿತು. ನಾನು ಖುಷಿಯಿಂದ ಇನ್ನೆರಡು ಡಬ್ಬಿ ತಂದೆ. ಎರಡು ತಿಂಗಳು ಮುಗಿದಾಗ ಅವರು, "ಇನ್ನೊಂಚೂರು ತಡೀರಿ. ಕಾಲ್ಯಾಕೋ ಊದ್ಕೊಂಡೈತೆ, ಇದು ಸರಿಹೋಗ್ಲಿ" ಎಂದರು. ಮುಖದ ಕ್ರೀಮಿಗೂ ಕಾಲಿಗೂ ಏನು ಸಂಬಂಧ ಎಂದು ನಾನು ಸಿಡುಕಿದೆ. ಇವತ್ತು ಆ ಮಾತು ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಚಪ್ಪಲಿಗೆ ಪಾದ ಹಿಡಿಸದಂತಾದ ಮೇಲೆ ಅಕ್ಕನನ್ನು ಮೈಸೂರಿಗೆ ಕರೆದುಕೊಂಡು ಹೋದೆವು. ಕಾಲು ಮುಟ್ಟಿ ನೋಡಿದ ಡಾಕ್ಟರು ಕೇಳಿದ್ದು "ಮುಖಕ್ಕೆ ಏನು ಹಚ್ತೀರಾ?" ಎಂದು. ಡಬ್ಬಿಯನ್ನು ಪರೀಕ್ಷೆಗೆ ಕಳಿಸಿದರು. ಅದರಲ್ಲಿದ್ದದ್ದು ಪಾದರಸ. ಮುಖವನ್ನು ಬೆಳ್ಳಗೆ ಮಾಡಿದ್ದೂ ಅದೇ, ಚರ್ಮದಿಂದ ಒಳಗಿಳಿದು ಕಿಡ್ನಿ ಕೆಡಿಸಿ ಕಾಲು ಊದಿಸಿದ್ದೂ ಅದೇ. ಕ್ರೀಮು ಬಿಟ್ಟರೆ ಎಷ್ಟೋ ಜನಕ್ಕೆ ವಾಸಿಯಾಗುತ್ತದಂತೆ. ಅಕ್ಕನಿಗೆ ಆಗಲಿಲ್ಲ.

"ಯಾರ್ ಕೊಟ್ರಮ್ಮಾ ಇದನ್ನ?" ಆಸ್ಪತ್ರೆ ಮಂಚದ ಪಕ್ಕದಲ್ಲಿ ನಿಂತು ಅಕ್ಕನ ಮಗಳು ಕೇಳಿದಳು. ನಾನು ಅಲ್ಲೇ ಇದ್ದೆ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಸಂತೇಲಿ ಯಾವನೋ ಮಾರ್ತಿದ್ದ, ತಗೊಂಡೆ" ಎಂದರು. ನಿಜ ಹೇಳಬೇಕೆಂದರೆ, ನಾನು ಬಾಯಿ ತೆರೆಯುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ಮಗಳು ಔಷಧಿ ತರಲು ಹೋದಾಗ ಅವರೇ ನನ್ನ ಕೈ ಹಿಡಿದುಕೊಂಡರು. "ಇಸ್ಕೂಲ್ ಮಕ್ಳ ಮುಂದೆ ನಿಂತ್ಕಳ್ಳೋರು ನೀವು. ನಿಮ್ ಹೆಸ್ರು ಯಾಕೆ? ಸದ್ಯ, ತಂಗಿಗೆ ಹಚ್ಲಿಲ್ವಲ್ಲ."

ತಂಗಿಯ ಮದುವೆಗೆ ಅಲಂಕಾರ ಮಾಡಿದ್ದೂ ಅಕ್ಕನೇ, ನಿಲ್ಲಲಾಗದೆ ಮಣೆಯ ಮೇಲೆ ಕುಳಿತುಕೊಂಡು. ಹುಡುಗಿಯ ಬಣ್ಣವನ್ನು ಮುಚ್ಚದೆ, ಕಣ್ಣಿಗೆ ಕಾಡಿಗೆ, ತಲೆತುಂಬ ಮಲ್ಲಿಗೆ. ಅಷ್ಟು ಚೆಂದದ ಮದುಮಗಳನ್ನು ನಾನು ನೋಡಿಲ್ಲ. ಇದ್ದ ಹಾಗೇ ಅಷ್ಟು ಚೆಂದವಿದ್ದವಳಿಗೆ ನಾನು ಹುಡುಕಿ ತಂದದ್ದೇನು!

ಆಮೇಲೆ ಎರಡು ವರ್ಷ ಡಯಾಲಿಸಿಸ್‌ಗೆ ಓಡಾಡಿ ಅಕ್ಕ ತೀರಿಕೊಂಡರು. ಅಷ್ಟು ದಿನದಲ್ಲಿ ಒಂದು ದಿನವಾದರೂ ನಾನು ಅವರ ಮಗಳ ಮುಂದೆ ನಿಜ ಹೇಳಬಹುದಿತ್ತು. ಹನ್ನೊಂದನೆಯ ದಿನದ ಊಟಕ್ಕೆ ಎಲೆ ಮುಂದೆ ಕುಳಿತಿದ್ದಾಗ, ಬಡಿಸುತ್ತಾ ಬಂದ ಅವಳು ನನ್ನೆದುರು ನಿಂತಳು. "ಆ ಕ್ರೀಮ್ ಕೊಟ್ಟೋರು ಸಿಕ್ಕಿದ್ರೆ ಒಂದೇ ಒಂದು ಮಾತು ಕೇಳ್ಬೇಕು ಟೀಚರೇ."

"ಹೌದಮ್ಮ" ಎಂದೆ. ಅವಳು ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿ ಮುಂದಕ್ಕೆ ಹೋದಳು.