ನಡುಗಿದ ಗೆರೆ

ಒಂದು ನಕ್ಷತ್ರ ತನ್ನ ಜೋಡಿ ನಕ್ಷತ್ರದ ಅನಿಲವನ್ನು ಎಳೆದುಕೊಳ್ಳುವಾಗ ಹೊಮ್ಮುವ ಎಕ್ಸ್-ರೇ ಒಂದೇ ಸಮನೆ ಇರುವುದಿಲ್ಲ, ಏರಿಳಿಯುತ್ತಲೇ ಇರುತ್ತದೆ. ಉಪಗ್ರಹ ಅಳೆದ ಆ ಏರಿಳಿತದ ಗೆರೆಯನ್ನು ಕೈಯಲ್ಲಿ ಬರೆದು, ಖಗೋಳ ವಿಜ್ಞಾನಿಗಳ ಗೋಷ್ಠಿಯ ಹಿಂದಿನ ದಿನ, ಕಂಪ್ಯೂಟರಿನಲ್ಲಿ ಮೂಡಿಸಿಕೊಡಲೆಂದು ಹಳಿಯಾಳದ ಡಿಟಿಪಿ ಅಂಗಡಿಯ ಹೆಣ್ಣುಮಗಳಿಗೆ ಕೊಟ್ಟಿದ್ದೆ. ಸಂಜೆ ಹೋಗಿ ನೋಡಿದರೆ ಗೆರೆ ಸಪಾಟಾಗಿತ್ತು.

“ಇದೇನ್ರಿ ಅಕ್ಕಾರ, ಏರಿಳಿತ ಎಲ್ಲಿ ಹೋತು?”

“ನಿಮ್ಮ ಕೈ ಭಾಳ ನಡಗ್ಯಾವ್ರಿ ಸರ. ಲಗ್ನಪತ್ರದಾಗೂ ನಾವು ಹಂಗ ಬಿಡಂಗಿಲ್ಲ. ಸೀದಾ ಮಾಡೇನ್ರಿ.”

“ಆ ನಡುಕಾನ ನನ್ನ ಇಷ್ಟು ವರ್ಷದ ಕೆಲಸ ರೀ!”

ಆಕೆ ನನ್ನ ಕೈಯನ್ನೊಮ್ಮೆ ಕನಿಕರದಿಂದ ನೋಡಿ, ಡೊಂಕನ್ನೆಲ್ಲ ಮತ್ತೆ ಹಾಕಿಕೊಟ್ಟರು.

ಮರುದಿನ ಗೋಷ್ಠಿಯಲ್ಲಿ ಹಿರಿಯ ವಿಜ್ಞಾನಿಯೊಬ್ಬರು ತಮ್ಮ ನಕ್ಷತ್ರದ ಗೆರೆ ತೋರಿಸಿದರು. ಅದು ಅವರ ಸಿದ್ಧಾಂತ ಹೇಳಿದಷ್ಟೇ ಏರಿ, ಹೇಳಿದಷ್ಟೇ ಇಳಿದಿತ್ತು. ಇವರೂ ಹಳಿಯಾಳದ ಆ ಅಂಗಡಿಗೆ ಹೋಗಿಬಂದಿರಬೇಕು ಅಂದುಕೊಂಡೆ.