ನಂಜಕ್ಕನ ನಂಬರು

ಇವತ್ತು ಬೆಳಗ್ಗೆ ಎಲೆ ಕೊಡಲು ಶೆಡ್ಡಿಗೆ ಹೋದಾಗ ಮೂಗಿಗೆ ಮೊದಲು ಬಡಿದದ್ದು ಚಹಾ ಎಲೆಯ ಹಸಿ ವಾಸನೆಯಲ್ಲ, ಮೈದಾ ಅಂಟಿನ ವಾಸನೆ. ತೂಕದ ಯಂತ್ರದ ಹಿಂದಿನ ಗೋಡೆಗೆ ಯಾರೋ ಆಗತಾನೇ ದೊಡ್ಡದೊಂದು ಪೋಸ್ಟರ್ ಮೆತ್ತಿ ಹೋಗಿದ್ದರು. ಅಂಟು ಇನ್ನೂ ಗೋಡೆಯ ಮೇಲೆ ಇಳಿಯುತ್ತಿತ್ತು. ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಒಂದೇ ಮಾತು: ನಿಮ್ಮ ಒಟಿಪಿ ನಿಮ್ಮ ಗುಟ್ಟು, ಯಾರಿಗೂ ಹೇಳಬೇಡಿ. ಕೆಳಗೆ ನಗುನಗುತ್ತಾ ನಿಂತ ಒಂದು ಸಂಸಾರದ ಚಿತ್ರ, ಅಜ್ಜಿಯಿಂದ ಹಿಡಿದು ಮೊಮ್ಮಗಳವರೆಗೆ ಎಲ್ಲರ ಕೈಯಲ್ಲೂ ಒಂದೊಂದು ಫೋನು. ನೀವಾಗಿದ್ದರೆ ಓದಿಕೊಂಡು ಮುಂದೆ ಹೋಗುತ್ತಿದ್ದಿರಿ. ನಾನು ಚೀಲ ಇಳಿಸಿ ಅಲ್ಲೇ ನಿಂತುಬಿಟ್ಟೆ. ಹಿಂದಿನವರು ತೂಕಕ್ಕೆ ಅವಸರ ಮಾಡಿದ ಮೇಲೆಯೇ ಜಾಗ ಬಿಟ್ಟದ್ದು.

ಗುಟ್ಟು ಕಾಯುವ ವಿಷಯದಲ್ಲಿ ನಾನು ತಕ್ಕಮಟ್ಟಿಗೆ ತಿಳಿದವನು ಎಂದು ನನ್ನ ನಂಬಿಕೆಯಾಗಿತ್ತು. ನಮ್ಮ ನೀಲಗಿರಿಯ ಎಮರಾಲ್ಡಿನ ಜಲವಿದ್ಯುತ್ ಕಚೇರಿಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿಗೆ ಬಂದ ಮೊದಲ ಕಂಪ್ಯೂಟರನ್ನು ಚಪ್ಪಲಿ ಹೊರಗೆ ಬಿಟ್ಟು ಮುಟ್ಟಿದವರಲ್ಲಿ ನಾನೂ ಒಬ್ಬ. ಮೈಸೂರಿನಲ್ಲಿ ಕಾಲೇಜು ಓದಿದ್ದರಿಂದ ನಾಲ್ಕಕ್ಷರ ಕನ್ನಡ ಬರೆಯಲು ಬರುತ್ತಿತ್ತು. ಹಾಗಾಗಿ ಅಲ್ಲಿನ ಒಂದು ಸಣ್ಣ ವಾರಪತ್ರಿಕೆಗೆ ತಂತ್ರಜ್ಞಾನದ ಸುದ್ದಿಗಳ ಮೇಲೆ ನನ್ನ ಅಭಿಪ್ರಾಯ ಬರೆಯುವ ಚಟ ಅಂಟಿಕೊಂಡಿತು. ಎಲ್ಲಿ ಯಾರ ಮಾಹಿತಿ ಸೋರಿತು, ಸರ್ಕಾರ ಯಾವ ಹೊಸ ನಿಯಮ ತಂದಿತು, ಪಾಸ್‌ವರ್ಡ್ ಹೇಗಿರಬೇಕು, ಇಂಥವು. ನಮ್ಮ ಹಟ್ಟಿಯ ಬಡಗರು ಮಾತಾಡುವುದು ಬಡಗು, ಓದುವುದು ತಮಿಳು. ಆದ್ದರಿಂದ ಇಡೀ ಹಟ್ಟಿಯಲ್ಲಿ ನನ್ನ ಅಂಕಣ ಓದುತ್ತಿದ್ದವನು ನಾನೊಬ್ಬನೇ, ಅದೂ ಅಚ್ಚಿನ ತಪ್ಪು ಹುಡುಕಲು.

ನಿವೃತ್ತನಾಗಿ ಹಟ್ಟಿಗೆ ಮರಳಿ ಬಂದಾಗ ಅಲ್ಲಿ ನಂಜಕ್ಕನ ಆಳ್ವಿಕೆ ನಡೆಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಹುಟ್ಟಿದ ಹಟ್ಟಿಗೇ ವಾಪಸು ಬಂದು, ಎಲ್ಲರ ಮನೆಗಳಿಗಿಂತ ಮೇಲೆ, ದಿಬ್ಬದ ತುದಿಯಲ್ಲಿ ಮನೆ ಕಟ್ಟಿಕೊಂಡಿದ್ದಳು. ಗಾಳಿ ಹೆಚ್ಚು, ನೀರು ದೂರ, ಅಲ್ಲಿ ಯಾಕೆ ಕಟ್ಟಿದೆ ಎಂದು ಆಗ ಎಲ್ಲರೂ ಬೈದಿದ್ದರಂತೆ. ಆಮೇಲೆ ಫೋನಿನ ಕಾಲ ಬಂತು. ನಮ್ಮ ಹಟ್ಟಿ ಕೂತಿರುವುದು ಎರಡು ಗುಡ್ಡಗಳ ಮಡಿಲಲ್ಲಿ. ಸಿಗ್ನಲ್ ಎಂಬುದು ಸಿಗುತ್ತಿದ್ದದ್ದು ನಂಜಕ್ಕನ ಜಗಲಿಯಲ್ಲಿ ಮಾತ್ರ. ಕಾರ್ಡು ಮಾಡಿಕೊಡುವ ಕ್ಯಾಂಪಿನವರು ಶಾಲೆಯಲ್ಲಿ ಕೂತು 'ಮೊಬೈಲ್ ನಂಬರ್ ಹೇಳಿ' ಎಂದಾಗ ಒಬ್ಬರಾದ ಮೇಲೆ ಒಬ್ಬರು ಅವಳ ನಂಬರನ್ನೇ ಹೇಳಿದರು. ರೇಷನ್ ಕಾರ್ಡಿಗೆ, ಗ್ಯಾಸಿಗೆ, ಬ್ಯಾಂಕಿಗೆ, ಆಸ್ಪತ್ರೆಯ ಕಾರ್ಡಿಗೆ ಎಲ್ಲದಕ್ಕೂ ಅದೇ. ಊರಿಗೊಂದು ಬಾವಿ ಇರುವಂತೆ ಊರಿಗೊಂದು ನಂಬರು ಎಂದು ಅವರು ತಿಳಿದಿದ್ದರು. ತಿಳಿದದ್ದರಲ್ಲಿ ತಪ್ಪೇನೆಂದು ಇವತ್ತಿಗೂ ನನಗೆ ಸರಿಯಾಗಿ ವಿವರಿಸಲು ಬರುವುದಿಲ್ಲ.

ಆ ಜಗಲಿಯ ಮೇಲೆ ನಿಂತು ನಂಜಕ್ಕ ಒಟಿಪಿ ಕೂಗುತ್ತಿದ್ದಳು. ಕೆಳಗಿನ ರೇಷನ್ ಅಂಗಡಿಯಲ್ಲಿ ಬೋಜಣ್ಣ ನಿಂತಿದ್ದರೆ, ಮೇಲಿನಿಂದ 'ಬೋಜಾ... ನಾಕು, ಎಟ್ಟು, ಸೊನ್ನೆ...' ಎಂದು ಕಣಿವೆ ತುಂಬುವ ದನಿ ಬರುತ್ತಿತ್ತು. ಗಾಳಿ ಎದುರಾಗಿದ್ದರೆ ನಡುವೆ ಎಲೆ ಕೀಳುತ್ತಿದ್ದ ಹೆಂಗಸರು ಅದನ್ನು ಹಿಡಿದು ಕೆಳಕ್ಕೆ ದಾಟಿಸುತ್ತಿದ್ದರು. ಇದನ್ನು ಮೊದಲ ಸಲ ಕೇಳಿದ ದಿನ ನನಗೆ ಎದೆ ಒಡೆದಂತಾಯಿತು. ದಿಬ್ಬ ಹತ್ತಿ ಹೋಗಿ, ಏದುಸಿರು ಬಿಡುತ್ತಲೇ ಅವಳಿಗೆ ಸೈಬರ್ ಸುರಕ್ಷತೆಯ ಪಾಠ ಮಾಡಿದೆ.

ಎಲ್ಲ ಕೇಳಿಸಿಕೊಂಡು, 'ಏ ತಮ್ಮ, ನಂಗ ಹಟ್ಟಿಯ ಒಳಗೆ ಕಳ್ಳ ದಾರು ಹೇಳು? ಹೆಸರು ಹೇಳು, ಅವನ ಮುಂದೆ ಕೂಗದಿಲ್ಲೆ' ಎಂದಳು.

ಹಟ್ಟಿಯಲ್ಲಿ ಕಳ್ಳ ಎನ್ನಬಹುದಾದ ಒಂದು ಹೆಸರೂ ನನಗೆ ಹೊಳೆಯಲಿಲ್ಲ. ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು ಮಾರನೆಯ ದಿನದಿಂದ ಒಂದು ಸುಧಾರಣೆ ತಂದಳು. 'ಬೋಜನ ಬಿಟ್ಟು ಮಿಕ್ಕವೆಲ್ಲಾ ಕಿವಿ ಮುಚ್ಚಿ!' ಎಂದು ಮೊದಲು ಕೂಗಿ, ಆಮೇಲೆ ಅಂಕಿ ಕೂಗತೊಡಗಿದಳು. ಚಹಾ ಗಿಡಗಳ ನಡುವೆ ಹೆಂಗಸರು ಬೆನ್ನಿನ ಚೀಲ ಅಲುಗಾಡುವಂತೆ ನಗುತ್ತಾ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ಅದೇ ವಾರ ನಾನು 'ಗೌಪ್ಯತೆ ನಮ್ಮ ಹಕ್ಕು' ಎಂಬ ಗಂಭೀರ ಲೇಖನ ಬರೆದು ಕಳಿಸಿದ್ದೆ.

ಪಾಸ್‌ವರ್ಡಿನ ಕಥೆಯೂ ಬೇರೆಯೇನಲ್ಲ. ಹಾಡು ಕೇಳಲು, ಚಿತ್ರ ನೋಡಲು ಫೋನು ಇಟ್ಟುಕೊಂಡಿದ್ದ ಕೆಲವರಲ್ಲಿ ಯಾರ ಪಾಸ್‌ವರ್ಡ್ ಕೇಳಿದರೂ ನಮ್ಮ ಕುಲದೇವತೆ ಹೆತ್ತೆಯಮ್ಮನ ಹೆಸರು. ಬೇರೆ ಬೇರೆ ಇಟ್ಟುಕೊಳ್ಳಿ, ಊಹಿಸಲು ಆಗದಂತಿರಲಿ ಎಂದೆ. ದೇವರ ಹೆಸರನ್ನು ಊಹಿಸಿದವನು ನಮ್ಮವನೇ ತಾನೆ, ನೋಡಿಕೊಂಡು ಹೋಗಲಿ ಎಂದರು. ಮನೆಯ ಬಾಗಿಲಿಗೆ ಚಿಲಕ ಹಾಕುವುದು ಕೂಡ ಕಾಡೆಮ್ಮೆಗೆ ಹೆದರಿ, ಮನುಷ್ಯರಿಗಲ್ಲ. ಇಂಥವರ ಮುಂದೆ ಗೂಢಲಿಪಿಯ ಮಹತ್ವ ಹೇಳುತ್ತಾ ನಿಂತ ನನ್ನನ್ನು ನೆನೆಸಿಕೊಂಡರೆ ಈಗಲೂ ನಗು ಬರಬೇಕು. ಬರುವುದಿಲ್ಲ.

ಮುಂಗಾರಿಗೆ ಮುಂಚೆ ಒಂದು ದಿನ ನಂಜಕ್ಕ ಕೂತಲ್ಲೇ ಹೋಗಿಬಿಟ್ಟಳು. ನಮ್ಮಲ್ಲಿ ಮಣ್ಣು ಮಾಡುವಾಗ ಸತ್ತವರು ಕೈಬಿಡದೆ ಬಳಸುತ್ತಿದ್ದದ್ದನ್ನು ಅವರ ಜೊತೆ ಇಡುವ ವಾಡಿಕೆಯಿದೆ. ಮುದುಕರಿಗೆ ಊರುಗೋಲು, ಕೆಲವರಿಗೆ ಎಲೆಯಡಿಕೆ ಚೀಲ. ನಂಜಕ್ಕನ ಮಗಳು ಸುಮತಿ ಅಳುತ್ತಾ ಅವಳ ಫೋನನ್ನು ತಂದು ಕೈಯ ಪಕ್ಕದಲ್ಲಿಟ್ಟಳು. ಅದಕ್ಕಿಂತ ಸರಿಯಾದ ವಸ್ತು ಇನ್ನೊಂದಿಲ್ಲ ಎಂದು ಎಲ್ಲರಿಗೂ ಅನಿಸಿತು. ನನಗೂ ಅನಿಸಿತು, ಸುಳ್ಳೇಕೆ ಹೇಳಲಿ. ಹೂಳುವ ಜಾಗ ಅವಳ ದಿಬ್ಬದ ಬದಿಗೇ ಇದ್ದದ್ದರಿಂದ ಸಿಗ್ನಲ್ ಅಲ್ಲಿಗೂ ಒಂದಿಷ್ಟು ತಲುಪುತ್ತಿತ್ತು; ಮಣ್ಣು ಎಳೆಯುತ್ತಿದ್ದಾಗ ಒಳಗಿನಿಂದ ಟಿಣ್ ಎಂದು ಸದ್ದು ಬಂತು. ಯಾರದೋ ಗ್ಯಾಸಿನದೋ ಬ್ಯಾಂಕಿನದೋ ಒಟಿಪಿ. ಹಾರೆ ಹಿಡಿದವರು ತಡೆದು ನಿಂತರು, ನಾವೆಲ್ಲ ದಿಬ್ಬದ ಕಡೆ ಮುಖವೆತ್ತಿದೆವು. ಯಾರೂ ಕೂಗಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಮಣ್ಣು ಎಳೆದರು.

ಮೊದಮೊದಲು ದೊಡ್ಡ ತೊಂದರೆ ಕಾಣಿಸಲಿಲ್ಲ. ಬೆರಳು ಒತ್ತಿದರೆ ರೇಷನ್ ಸಿಗುತ್ತಿತ್ತು. ಬೆರಳಿನ ಗೆರೆ ಸವೆದವರು ಮಾತ್ರ ಒದ್ದಾಡಿದರು. ಒಬ್ಬ ಹುಂಬ 'ತೋಡಿ ತೆಗೆದರೆ ಆಗದಾ?' ಎಂದು ಕೇಳಿಯೂ ಕೇಳಿದ. ಯಾರೂ ಅವನಿಗೆ ಬೈಯಲಿಲ್ಲ. ಅದು ಕಂಡು ನನಗೆ ಭಯವಾಯಿತು. ತಿಂಗಳುಗಳು ಕಳೆದವು, ದುಡ್ಡು ಹಾಕುವವರಿಲ್ಲದೆ ಆ ನಂಬರು ನಿಂತುಹೋಯಿತು. ಹೀಗೆ ನಿಂತ ನಂಬರುಗಳನ್ನು ಕಂಪನಿಯವರು ಮತ್ತೆ ಬೇರೆಯವರಿಗೆ ಕೊಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ನಂಬರು ಬದಲಿಸಿಕೊಳ್ಳಿ ಎಂದು ಮನೆಮನೆಗೆ ಹೋಗಿ ಹೇಳಿದೆ. ಊಟಿಗೆ ಹೋಗಿ ಸಾಲಿನಲ್ಲಿ ನಿಂತವರಲ್ಲಿ ಕೆಲವರದು ಬದಲಾಯಿತು. ಬೋಜಣ್ಣನದು ಆಗಲಿಲ್ಲ. ನಂಬರು ಬದಲಿಸಬೇಕಾದರೆ ಬೆರಳು ಹೊಂದಬೇಕು. ಅಲ್ಲಿನ ಯಂತ್ರಕ್ಕೆ ಅವನ ಸವೆದ ಬೆರಳು ಹೊಂದಲಿಲ್ಲ, ಪೊರೆ ಬಂದ ಕಣ್ಣನ್ನೂ ಅದು ಒಪ್ಪಲಿಲ್ಲ. ಅರ್ಜಿ ತಿರಸ್ಕಾರವಾಗಿದೆ ಎಂಬ ಸಂದೇಶ ಎಲ್ಲಿಗೆ ಹೋಗಿರಬೇಕೆಂದು ನಿಮಗೆ ಗೊತ್ತೇ ಇದೆ.

ಸರ್ಕಾರದ ನಿಯಮ ಬರೆಯುವವರನ್ನು ಕಟುಕರು ಎನ್ನಲು ನನಗೆ ಮನಸ್ಸಿಲ್ಲ. ಅವರ ಮನೆಯಲ್ಲಿ ಒಬ್ಬೊಬ್ಬರಿಗೂ ಫೋನಿದೆ, ಕೋಣೆಕೋಣೆಗೂ ಸಿಗ್ನಲಿದೆ, ಬೆರಳಿನಲ್ಲಿ ಗೆರೆಯಿದೆ. ದೇಶವೆಲ್ಲ ಹಾಗೇ ಇದೆ ಎಂದುಕೊಂಡು ಬರೆಯುತ್ತಾರೆ. ಲಕ್ಷಗಟ್ಟಲೆ ಜನರ ವಿವರ ಸೋರಿಹೋಯಿತು ಎಂಬ ಸುದ್ದಿ ಬಂದಾಗಲೆಲ್ಲ ಸೋರಿಸಿದವರಿಗೆ ಏನೂ ಆಗುವುದಿಲ್ಲ, ನಮಗೆ ಮಾತ್ರ ಇನ್ನೊಂದು ಬುದ್ಧಿವಾದ ಬರುತ್ತದೆ, ಬಾಗಿಲಿಗೆ ಇನ್ನೊಂದು ಬೀಗ ಬೀಳುತ್ತದೆ. ಆ ಬೀಗ ಕಳ್ಳನನ್ನು ತಡೆಯಿತೋ ಇಲ್ಲವೋ ನಾನರಿಯೆ. ಒಳಗೆ ಹೋಗಬೇಕಾದವನನ್ನು ಹೊರಗೆ ನಿಲ್ಲಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಬೋಜಣ್ಣ ನನ್ನ ದೊಡ್ಡಪ್ಪನ ಮಗ. ಮೂತ್ರಪಿಂಡ ಕೆಟ್ಟು, ವಾರವಾರ ಊಟಿಯ ಒಂದು ಖಾಸಗಿ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕಾಗಿತ್ತು. ಸರ್ಕಾರದ ಕಾರ್ಡು ಇದ್ದದ್ದರಿಂದ ಅದು ನಡೆಯುತ್ತಿತ್ತು. ಪ್ರತಿ ಸಲವೂ ಕೌಂಟರಿನಲ್ಲಿ ಬೆರಳು ಒತ್ತಿ, ತಾನೇ ಬೋಜ ಎಂದು ಯಂತ್ರವನ್ನು ಒಪ್ಪಿಸಬೇಕು. ಒಂದು ಬೆರಳು ಸೋತರೆ ಇನ್ನೊಂದು ಬೆರಳು ಎಂದು ಹೇಗೋ ಸಾಗಿತ್ತು. ಆ ದಿನ ಹತ್ತೂ ಬೆರಳು ಸೋತವು. ಕ್ಯಾಮೆರಾ ಮುಂದೆ ಕೂರಿಸಿದರು. ಕಾರ್ಡಿನ ಮುಖವೇ ಬೇರೆ, ರೋಗ ಊದಿಸಿದ ಈ ಮುಖವೇ ಬೇರೆ. ಕೊನೆಗೆ ಉಳಿದದ್ದು ಒಟಿಪಿ.

ಕೌಂಟರಿನ ಹುಡುಗಿ ಒಳ್ಳೆಯವಳು. ವಾರವಾರ ಕಂಡು ಕಂಡು ಬೋಜಣ್ಣನನ್ನು 'ತಾತಾ' ಎನ್ನುತ್ತಿದ್ದಳು. ಅವನು ತಂದುಕೊಟ್ಟ ಕ್ಯಾರೆಟ್ಟನ್ನು ಮನೆಗೆ ಒಯ್ಯುತ್ತಿದ್ದಳು. 'ಸಿಸ್ಟಮ್ ವಿಡಲೆ, ತಾತಾ' ಎಂದಳು, ಸಿಸ್ಟಮ್ ಬಿಡುತ್ತಿಲ್ಲ ಎಂದು. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು.

ಬೋಜಣ್ಣ ನನ್ನ ಕಡೆ ತಿರುಗಿದ. 'ಎನ್ನ ನಿನಗ ಗೊತ್ತು. ಈ ಹೆಣ್ಣಿಗೂ ಗೊತ್ತು. ನಾ ನಾನೇ ಅಂತ ನಿಂಗ ಇಬ್ಬರು ಹೇಳಿದಲೆ ಆಗದಾ?' ಎಂದು ಕೇಳಿದ.

ಇಷ್ಟು ವರ್ಷ ಅಂಕಣ ಬರೆದ ನಾನು ಹುಡುಗಿಗೆ ಒಟಿಪಿ ಕಳಿಸುವ ಗುಂಡಿ ಒತ್ತಲು ಹೇಳಿ, ನನ್ನ ಫೋನಿನಲ್ಲಿ ಇನ್ನೂ ಅಳಿಸದೆ ಇಟ್ಟಿದ್ದ 'ನಂಜಕ್ಕ' ಎಂಬ ಹೆಸರನ್ನು ಹುಡುಕಿ ಕರೆ ಮಾಡಿದೆ. ಮೊದಲು ಸರ್ಕಾರದ ಎಚ್ಚರಿಕೆಯ ಧ್ವನಿ ಬಂತು. ಅಪರಿಚಿತರು ಕರೆ ಮಾಡಿ ಒಟಿಪಿ ಕೇಳಿದರೆ ಕೊಡಬೇಡಿ ಎಂಬ ಉಪದೇಶವನ್ನು ನಾನು ಪೂರ್ತಿ ಕೇಳಬೇಕಾಯಿತು. ಆಮೇಲೆ ಒಬ್ಬ ಹೆಂಗಸು ಎತ್ತಿಕೊಂಡಳು. ಹಿಂದೆ ಹೊಲಿಗೆ ಯಂತ್ರಗಳ ಗಿರಿಗಿರಿ ಸದ್ದು. ಯಾವುದೋ ಗಾರ್ಮೆಂಟ್ಸಿನಲ್ಲಿ ಇದ್ದಳೆಂದು ಕಾಣುತ್ತದೆ. ನನಗೆ ಬರುವ ತಮಿಳಿನಲ್ಲಿ ಹೇಳಿದೆ: ಅಮ್ಮಾ, ಆಸ್ಪತ್ರೆಯಿಂದ ಮಾತಾಡುತ್ತಿದ್ದೇನೆ, ವಯಸ್ಸಾದವರಿಗೆ ಹುಷಾರಿಲ್ಲ, ಈಗ ನಿಮಗೊಂದು ನಂಬರು ಬಂದಿರುತ್ತದೆ, ಬೇಗ ಓದಿ ಹೇಳಿ, ಸಮಯವಿಲ್ಲ.

ನನ್ನ ಮಾತು ನನ್ನ ಕಿವಿಗೇ ಬಿತ್ತು. ಆಸ್ಪತ್ರೆ ಎನ್ನುವವರನ್ನು, ವಯಸ್ಸಾದವರ ಹೆಸರು ಹೇಳುವವರನ್ನು, ಅವಸರ ಮಾಡುವವರನ್ನು ನಂಬಬೇಡಿ ಎಂದು ಎಷ್ಟು ಸಲ ಬರೆದಿದ್ದೆನೋ. ಮೋಸಗಾರ ಆಡುವ ಮಾತುಗಳನ್ನೇ ಸಾಲಾಗಿ ಆಡಿದ್ದೆ.

'ಒಟಿಪಿ ಯಾರುಕ್ಕುಂ ಸೊಲ್ಲಕ್ಕೂಡಾದು, ಸಾರ್' ಎಂದಳು ಅವಳು. ಯಾರಿಗೂ ಹೇಳಬಾರದು. ದನಿಯಲ್ಲಿ ಒರಟುತನವಿರಲಿಲ್ಲ, ಹೆದರಿಕೆಯಿತ್ತು. ಫೋನನ್ನು ಬೋಜಣ್ಣನ ಕೈಗೆ ಕೊಟ್ಟೆ. ಅವನು ಹರುಕುಮುರುಕು ತಮಿಳಿನಲ್ಲಿ 'ಅಮ್ಮಾ, ನಾನ್ ಬೋಜನ್' ಎಂದಷ್ಟೇ ಅಂದ. ಅವನ ಪ್ರಕಾರ ಅಷ್ಟು ಸಾಕಾಗಿತ್ತು. ಕರೆ ಕಡಿದುಹೋಯಿತು. ಮತ್ತೆ ಮಾಡಿದೆ, ಹೋಗಲಿಲ್ಲ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದಳು. ನಾನು ಹೇಳಿಕೊಟ್ಟ ಪಾಠವನ್ನು ಇಷ್ಟು ಚೆನ್ನಾಗಿ ಕಲಿತ ಶಿಷ್ಯೆ ನನಗೆ ಇನ್ನೊಬ್ಬಳು ಸಿಕ್ಕಿರಲಿಲ್ಲ. ಅವಳ ಮೇಲೆ ಸಿಟ್ಟಾಗೋಣವೆಂದರೆ ಅದಕ್ಕೂ ಜಾಗವಿರಲಿಲ್ಲ.

ಆ ಸಲವೂ ಮುಂದಿನ ಸಲವೂ ಹಟ್ಟಿಯವರು ಸೇರಿ ಕೈಯಿಂದ ದುಡ್ಡು ಕಟ್ಟಿದೆವು. ಈ ನಡುವೆ ನಾನು ಕಚೇರಿಯಿಂದ ಕಚೇರಿಗೆ ಅಲೆದೆ. ಎಲ್ಲ ಕಡೆಯೂ ಮರ್ಯಾದೆಯಿಂದಲೇ ಮಾತಾಡಿಸಿದರು. ಅರ್ಜಿ ಮತ್ತೆ ಹಾಕಿ ಎಂದರು, ಕಾಯಿರಿ ಎಂದರು. ಅದರ ಮುಂದಿನ ಸಲ ಜೀಪು ಬಾಗಿಲಿಗೆ ಬಂದು ನಿಂತರೆ ಬೋಜಣ್ಣ ಹತ್ತಲಿಲ್ಲ. 'ಎಲ್ಲರ ಮನೆ ಸಾರಿಗೆ ಉಪ್ಪಿಲ್ಲದ ಹಾಗೆ ಮಾಡಿ ನಾ ಬದುಕದಿಲ್ಲೆ' ಎಂದ. ಅತ್ತಿಗೆ ಅತ್ತಳು, ನಾನು ಬೈದೆ, ಕಾಲು ಹಿಡಿದೆ. ಅವನು ಜೀಪಿನವನಿಗೆ ಕಾಫಿ ಕೊಡಲು ಹೇಳಿ ಒಳಗೆ ಹೋಗಿ ಮಲಗಿದ. ಆಮೇಲೆ ಹೆಚ್ಚು ದಿನ ಇರಲಿಲ್ಲ.

ಅಂದಿನಿಂದ ನಾನು ಅಂಕಣ ಬರೆದಿಲ್ಲ. ಸಂಪಾದಕರು ಆಗಾಗ ಹೇಳಿಕಳಿಸುತ್ತಾರೆ: ಹೊಸ ನೀತಿ ಬಂದಿದೆ, ಇನ್ನು ಒಟಿಪಿ ಬೇಡವಂತೆ, ಮುಖವೇ ಸಾಕಂತೆ, ನಿಮ್ಮ ಅಭಿಪ್ರಾಯ ಬರೆಯಿರಿ ಎಂದು. ನನ್ನಲ್ಲಿ ಅಭಿಪ್ರಾಯವೆಂಬುದೇ ಉಳಿದಿಲ್ಲ. ಇವತ್ತು ಶೆಡ್ಡಿನಿಂದ ಬಂದು ಕೈ ತೊಳೆಯದೆ ಇದನ್ನು ಬರೆಯಲು ಕೂತದ್ದು ಕೂಡ ಯಾರನ್ನೋ ತಿದ್ದಬಹುದು ಎಂಬ ಆಸೆಯಿಂದಲ್ಲ.

ಇಲ್ಲಿಯವರೆಗೆ ಬರೆದು ಊಟಕ್ಕೆ ಏಳುತ್ತಿದ್ದೆ. ಫೋನ್ ಬಡಿದುಕೊಂಡಿತು. ಪರದೆಯ ಮೇಲೆ 'ನಂಜಕ್ಕ' ಎಂದಿತ್ತು. ಹಿಂದಿನ ಕಿಟಕಿಯ ಹತ್ತಿರ ಈಗ ಮಾತು ಕಡಿಯದಷ್ಟು ಸಿಗ್ನಲ್ ಸಿಗುತ್ತದೆ, ಅಲ್ಲಿಗೆ ಓಡಿ ಎತ್ತಿಕೊಂಡೆ.

ಅದೇ ಹೆಂಗಸು. ಈ ಸಲ ಹೊಲಿಗೆ ಯಂತ್ರಗಳ ಸದ್ದಿರಲಿಲ್ಲ. ತನ್ನ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದಾಳಂತೆ. ಕೌಂಟರಿನಲ್ಲಿ ತನ್ನ ಹತ್ತಿರವೂ ಒಟಿಪಿ ಕೇಳಿದರಂತೆ. ಆಗ ನೆನಪಾಯಿತಂತೆ, ಅಂದು ಒಬ್ಬ ಮುದುಕರು ತಮ್ಮ ಹೆಸರು ಹೇಳಿದ್ದು. ಬ್ಲಾಕ್ ಮಾಡಿದ್ದ ನನ್ನ ನಂಬರನ್ನು ಹುಡುಕಿ ತೆಗೆದಳಂತೆ. 'ಅಣ್ಣಾ, ಅವರು ನಿಜವಾಗಿಯೂ ಆಸ್ಪತ್ರೆಯಲ್ಲೇ ಇದ್ದರಾ? ಈಗ ಹೇಗಿದ್ದಾರೆ?' ಎಂದು ತಮಿಳಿನಲ್ಲಿ ಕೇಳಿದಳು.

ಚೆನ್ನಾಗಿದ್ದಾರಮ್ಮ ಎಂದೆ.

ಅವಳು ಬಿಟ್ಟ ಉಸಿರು ನನಗೆ ಇಲ್ಲಿ ಕೇಳಿಸಿತು. ಇನ್ನು ಮೇಲೆ ಯಾವ ಹೊತ್ತಿನಲ್ಲಿ ಬೇಕಾದರೂ ಫೋನ್ ಮಾಡಿ, ಎಷ್ಟು ಕೆಲಸವಿದ್ದರೂ ಎದ್ದು ಹೋಗಿ ಓದಿ ಹೇಳುತ್ತೇನೆ, ಆ ಅಯ್ಯನಿಗೆ ಇದನ್ನು ತಪ್ಪದೆ ಹೇಳಿ ಅಣ್ಣಾ ಎಂದಳು.

ಆಗಲಮ್ಮಾ, ಹೇಳುತ್ತೇನೆ ಎಂದೆ.